ಐವರು ಅರಸರು, ಒಬ್ಬ ವರನಟ: ಒಂದು ಡಿವಿಡಿ ಸಂಪುಟದ ವಿಮರ್ಶೆ

ಡಾ. ರಾಜ್‌ಕುಮಾರ್ ಅವರು ಅರಸರಾಗಿ ಅಭಿನಯಿಸಿದ ಐದು ಐತಿಹಾಸಿಕ ಚಿತ್ರಗಳನ್ನು ಒಟ್ಟುಗೂಡಿಸಿ ಹೊರತಂದಿರುವ ಡಿವಿಡಿ ಸಂಪುಟವೊಂದನ್ನು 600 ರೂಪಾಯಿ ಕೊಟ್ಟು ಕೊಂಡೆ. ಎರಡು ವಾರಗಳ ಸಂಜೆಗಳಲ್ಲಿ ಐದನ್ನೂ ನೋಡಿ ಮುಗಿಸಿದೆ. ‘ರಣಧೀರ ಕಂಠೀರವ’ (1960), ‘ಕಿತ್ತೂರು ಚೆನ್ನಮ್ಮ’ (1961), ‘ಇಮ್ಮಡಿ ಪುಲಿಕೇಶಿ’ (1967), ‘ಶ್ರೀ ಕೃಷ್ಣದೇವರಾಯ’ (1970) ಮತ್ತು ‘ಮಯೂರ’ (1975) ಇದರಲ್ಲಿವೆ. ಮೈಸೂರು, ಕಿತ್ತೂರು, ಬಾದಾಮಿ, ವಿಜಯನಗರ, ಬನವಾಸಿ ಎಂದು ನಾಡಿನ ಐದು ಸಿಂಹಾಸನಗಳು ಒಂದೇ ಪೆಟ್ಟಿಗೆಯಲ್ಲಿ ಸಿಗುವ ಈ ಆಯ್ಕೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಧ್ವನಿಯ ವಿಷಯದಲ್ಲಿ, ಮತ್ತು ಈ ಚಿತ್ರಗಳ ಜೀವ ಇರುವುದೂ ಧ್ವನಿಯಲ್ಲೇ.

ಗಾಜನೂರಿನ ಮುತ್ತುರಾಜ್, ಅಂದರೆ ಮುಂದೆ ರಾಜ್‌ಕುಮಾರ್ ಆದವರು, ಶಾಲೆಯಲ್ಲಿ ಕಲಿತದ್ದು ಕಡಿಮೆ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಬಣ್ಣ ಹಚ್ಚುತ್ತಿದ್ದ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯೇ ಮಗನಿಗೂ ಪಾಠಶಾಲೆಯಾಯಿತು. ಟೆಂಟಿನ ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಅಕ್ಷರ ಅಕ್ಷರ ಕೇಳುವಂತೆ, ಆದರೆ ಕೂಗಿದಂತಾಗದೆ, ಮಾತನ್ನು ಎಸೆಯುವ ವಿದ್ಯೆಯನ್ನು ಕಂಪನಿ ನಾಟಕ ಕಲಿಸುತ್ತಿತ್ತು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ದ ಮೂಲಕ ನಾಯಕನಾಗಿ ಬಂದ ಈ ನಟ ಆರು ವರ್ಷಗಳ ನಂತರ ಕಂಠೀರವ ನರಸರಾಜ ಒಡೆಯರಾಗಿ ಕತ್ತಿ ಹಿಡಿದಾಗ, ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ ಮಾಸದ, ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಬಲ್ಲ ಆ ಕಂಠವೇ ಅರ್ಧ ಅರಸುತನವನ್ನು ಗೆದ್ದುಕೊಟ್ಟಿತು. ಕಿರೀಟ, ಕವಚಗಳನ್ನು ಬಾಡಿಗೆಗೆ ತರಬಹುದು. ಸಂಸ್ಕೃತ ಸಮಾಸಗಳಿಂದ ಕೂಡಿದ ಉದ್ದ ಸಂಭಾಷಣೆಯನ್ನು ಮನೆಮಾತಿನಷ್ಟು ಸಲೀಸಾಗಿ ಆಡುವ ನಾಲಗೆ ಬಾಡಿಗೆಗೆ ಸಿಗುವುದಿಲ್ಲ. ಪರಭಾಷೆಯ ನಟರನ್ನು ಕರೆತಂದು ಇನ್ನೊಬ್ಬರ ದನಿ ಕೂಡಿಸುವ ಈಗಿನ ಐತಿಹಾಸಿಕ ಚಿತ್ರಗಳಲ್ಲಿ ತುಟಿಗೂ ಮಾತಿಗೂ ಹೊಂದದೆ ಹೋದಾಗ ನನಗೆ ಮೊದಲು ನೆನಪಾಗುವುದು ಈ ಐದು ಚಿತ್ರಗಳೇ.

ಇವುಗಳಲ್ಲಿ ‘ರಣಧೀರ ಕಂಠೀರವ’ಕ್ಕೆ ಹೆಚ್ಚಿನ ಜಾಗ ಸಲ್ಲಬೇಕು. ಎನ್.ಸಿ. ರಾಜನ್ ನಿರ್ದೇಶಿಸಿದ ಈ ಚಿತ್ರಕ್ಕೆ ಹಣ ಹೊಂದಿಸಿದವರು ಹೊರಗಿನ ಸಾಹುಕಾರರಲ್ಲ, ಕಲಾವಿದರೇ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಜಿ.ವಿ. ಅಯ್ಯರ್ ಸೇರಿ ಕಟ್ಟಿದ ಕನ್ನಡ ಚಲನಚಿತ್ರ ಕಲಾವಿದರ ಸಂಘ ಇದನ್ನು ನಿರ್ಮಿಸಿತು. ನಾಲ್ವರೂ ರಂಗಭೂಮಿಯಿಂದ ಬಂದವರಾದ್ದರಿಂದ ಒಬ್ಬರ ಮಾತು ಮುಗಿಯುವ ಮುನ್ನವೇ ಇನ್ನೊಬ್ಬರು ಅದರ ತುದಿ ಹಿಡಿಯುವುದನ್ನು ಇಲ್ಲಿ ನೋಡಬಹುದು. ಬಾಲಕೃಷ್ಣ ಅವರಿಗೆ ಕಿವಿ ಮಂದವಾಗಿತ್ತು ಎಂಬುದು ತಿಳಿದಿದ್ದರೆ ಅವರಿರುವ ದೃಶ್ಯಗಳನ್ನು ಬೇರೆಯೇ ಕಣ್ಣಿನಿಂದ ನೋಡಬೇಕಾಗುತ್ತದೆ: ಎದುರು ನಟನ ತುಟಿಯ ಮೇಲೆ ಅವರ ದೃಷ್ಟಿ ನೆಟ್ಟಿರುತ್ತದೆ, ಉತ್ತರ ಮಾತ್ರ ಒಂದು ಕ್ಷಣವೂ ತಡವಾಗುವುದಿಲ್ಲ.

‘ಶ್ರೀ ಕೃಷ್ಣದೇವರಾಯ’ದ ನಿರ್ಮಾಪಕ ಮತ್ತು ನಿರ್ದೇಶಕ ಬಿ.ಆರ್. ಪಂತುಲು ಕೋಲಾರ ಸೀಮೆಯವರು. ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’, ‘ಕರ್ಣನ್’ ಚಿತ್ರಗಳನ್ನು ಮಾಡಿ ಹೆಸರಾಗಿದ್ದ ಅವರು ಕನ್ನಡಕ್ಕಾಗಿ ವಿಜಯನಗರವನ್ನು ವರ್ಣದಲ್ಲಿ ಕಟ್ಟಿದ್ದಲ್ಲದೆ ಮಂತ್ರಿ ತಿಮ್ಮರಸುವಿನ ಪಾತ್ರವನ್ನೂ ತಾವೇ ವಹಿಸಿದರು. ರಾಯ ತನ್ನ ಮಂತ್ರಿಯನ್ನು ‘ಅಪ್ಪಾಜಿ’ ಎಂದು ಕರೆಯುವಾಗ ರಾಜ್‌ಕುಮಾರ್ ಅವರ ದನಿ ಸಿಂಹಾಸನದಿಂದ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಅರಸ ಮರೆಯಾಗಿ ಮಗ ಉಳಿಯುತ್ತಾನೆ. (ಅವರ ಮನೆಯ ಮಕ್ಕಳು ಅವರನ್ನೂ ಅಪ್ಪಾಜಿ ಎಂದೇ ಕರೆಯುತ್ತಿದ್ದರು ಎಂಬುದು ಆ ಕ್ಷಣದಲ್ಲಿ ನೆನಪಾಗದೆ ಇರದು.)

ಉಳಿದ ಮೂರರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ‘ಕಿತ್ತೂರು ಚೆನ್ನಮ್ಮ’ ಬೆಂಗಳೂರಿನ ಬಿ. ಸರೋಜಾದೇವಿಯವರ ಚಿತ್ರ, ಮಲ್ಲಸರ್ಜನಾಗಿ ರಾಜ್‌ಕುಮಾರ್ ತಮ್ಮ ಪಾತ್ರದ ಗಡಿಯನ್ನು ಅರಿತು ನಟಿಸಿದ್ದಾರೆ. ‘ಇಮ್ಮಡಿ ಪುಲಿಕೇಶಿ’ ನನಗೆ ಕೊಂಚ ಬಿಗಿಯಿಲ್ಲದ ಚಿತ್ರವೆನಿಸಿತು. ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಹೊಗಳಿದ ಚಕ್ರವರ್ತಿಯ ಗಾತ್ರಕ್ಕೆ ಯುದ್ಧದ ದೃಶ್ಯಗಳು ಸಾಲುವುದಿಲ್ಲ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿ ವಿಜಯ್ ನಿರ್ದೇಶಿಸಿದ ‘ಮಯೂರ’ದಲ್ಲಾದರೋ, ಕಂಚಿಯಲ್ಲಿ ಅವಮಾನಗೊಂಡ ವಟುವೊಬ್ಬ ಕದಂಬ ದೊರೆಯಾಗಿ ಬೆಳೆಯುವ ಬಗೆಯನ್ನು ನಲವತ್ತು ದಾಟಿದ್ದ ನಟ ನಡಿಗೆಯಲ್ಲೇ ತೋರಿಸಿಬಿಡುತ್ತಾರೆ.

ಇನ್ನು ಸಂಪುಟದ ಗುಣಮಟ್ಟದ ಮಾತು. ಆ ಕಾಲದ ಚಿತ್ರಗಳಲ್ಲಿ ಧ್ವನಿಯು ಫಿಲ್ಮಿನ ಅಂಚಿನ ಕಿರಿದಾದ ಪಟ್ಟಿಯಲ್ಲಿ ಬೆಳಕಿನ ಗುರುತಾಗಿ ಮುದ್ರಿತವಾಗಿರುತ್ತಿತ್ತು. ಧೂಳು, ಗೀರು ಬಿದ್ದ ಹಾಗೆಲ್ಲ ಅದು ಕೊರಕೊರ ಎನ್ನುತ್ತದೆ. ಈ ಸದ್ದನ್ನು ತೆಗೆಯುವ ಭರದಲ್ಲಿ ತಯಾರಕರು ಧ್ವನಿಯನ್ನು ಎಷ್ಟು ಉಜ್ಜಿದ್ದಾರೆಂದರೆ ಮಹಾಪ್ರಾಣದ ಉಸಿರೂ ಶಕಾರ ಸಕಾರಗಳ ಸೀಳೂ ಅದರೊಡನೆ ಅಳಿಸಿಹೋಗಿವೆ. ನಾನು ಮೂರು ಸಲ ಹಿಂದಕ್ಕೆ ಸರಿಸಿ ಕೇಳಿದೆ. ‘ರಣಧೀರ’ ಎಂಬುದು ಮೂರು ಸಲವೂ ‘ರಣದೀರ’ ಎಂದೇ ಕೇಳಿಸಿತು. ಧಕಾರ ತಪ್ಪದ ನಟನ ಬಾಯಲ್ಲಿ ಯಂತ್ರ ಇಟ್ಟ ತಪ್ಪಿದು. ಕೊರಕೊರ ಸದ್ದು ಇದ್ದರೂ ಸರಿ, ಮೂಲ ಧ್ವನಿಯನ್ನೇ ಕೊಟ್ಟಿದ್ದರೆ ಸಹಿಸಿಕೊಳ್ಳಬಹುದಿತ್ತು. ಕಪ್ಪು ಬಿಳುಪಿನ ಮೂರು ಚಿತ್ರಗಳನ್ನು ಈಗಿನ ಅಗಲ ಪರದೆಗೆ ಹೊಂದಿಸಲು ಎಳೆದಿರುವುದರಿಂದ ಅರಸರೆಲ್ಲ ಕುಳ್ಳಗಾಗಿ ಕಿರೀಟಗಳು ತಟ್ಟೆಗಳಂತೆ ಕಾಣುತ್ತವೆ.

ಇಂಗ್ಲಿಷ್ ಅಡಿಬರಹವಿದೆ, ಆದರೆ ಮಹಾಪ್ರಭು, ದೊರೆ, ಒಡೆಯ, ಸ್ವಾಮಿ ಎಂಬ ನಾಲ್ಕು ಸಂಬೋಧನೆಗಳಿಗೂ ಅದರಲ್ಲಿ ಒಂದೇ ಪದ. ಯಾರು ಯಾರೊಡನೆ ಎಷ್ಟು ದೂರದಲ್ಲಿ ನಿಂತು ಮಾತನಾಡುತ್ತಿದ್ದಾರೆ ಎಂಬುದು ಕನ್ನಡ ಬಾರದವರಿಗೆ ತಿಳಿಯುವುದೇ ಇಲ್ಲ. ಜೊತೆಗಿರುವ ಎಂಟು ಪುಟಗಳ ಕೈಪಿಡಿಯಲ್ಲಿ ನಾಯಕನ ಬಿರುದುಗಳು, 1995ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಎಲ್ಲವೂ ಇವೆ; ದಂಡನಾಯಕ, ದೂತ, ದಾಸಿ, ಕಾವಲಿನವನ ಪಾತ್ರಗಳಿಗೆ ಜೀವ ತುಂಬಿದ ಕಂಪನಿ ಕಲಾವಿದರಲ್ಲಿ ಒಬ್ಬರ ಹೆಸರೂ ಇಲ್ಲ. ಅಂಥ ತುಂಬಿದ ಆಸ್ಥಾನ ಎದುರಿಗಿದ್ದುದರಿಂದಲೇ ರಾಜ್‌ಕುಮಾರ್ ಅರಸರಾಗಿ ಕಂಡರು. ಆ ಹೆಸರುಗಳನ್ನು ಅಚ್ಚು ಹಾಕಲು ಇನ್ನೆರಡು ಪುಟ ಸಾಕಾಗಿತ್ತು.

ಧ್ವನಿಯ ದೋಷವನ್ನು ತಿಳಿಸಿದಾಗ ಮಾರಾಟಗಾರರು ತಕರಾರಿಲ್ಲದೆ ಬೇರೆ ಡಿವಿಡಿ ಕಳುಹಿಸಿದರು, ಅದರಲ್ಲೂ ಅದೇ ದೋಷವಿತ್ತು. ವರ್ಣದ ಎರಡು ಚಿತ್ರಗಳ ಧ್ವನಿ ಇಷ್ಟು ಕೆಟ್ಟಿಲ್ಲವಾದ್ದರಿಂದ ಅವೆರಡಕ್ಕಾಗಿ ಮಾತ್ರ ಈ ಸಂಪುಟವನ್ನು ಕೊಳ್ಳಬಹುದು. ಈಗಾಗಲೇ ಕೊಂಡವರು ಟಿವಿಯ ಚಿತ್ರಾನುಪಾತವನ್ನು ನಾಲ್ಕಕ್ಕೆ ಮೂರು ಎಂದು ಬದಲಿಸಿಕೊಂಡರೆ ಕಂಠೀರವನ ಕಿರೀಟವಾದರೂ ತಕ್ಕ ಎತ್ತರಕ್ಕೆ ಬರುತ್ತದೆ.