ಕಂಟೈನರ್ ನೋಡ್‌ಗಳಿಗೆ ಎಸ್‌ಎಸ್‌ಎಚ್ ಟನಲ್: ವರ್ಷಗಟ್ಟಲೆ ಬಳಸಿದ ಮೇಲೆ

ದೂರದ ನೋಡ್‌ನಲ್ಲಿ, ಅಂದರೆ ಒಂದು ಸರ್ವರ್‌ನಲ್ಲಿ, ಕಂಟೈನರ್ (ಬೇಕಾದದ್ದನ್ನೆಲ್ಲ ಜೊತೆಗಿಟ್ಟುಕೊಂಡು ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂ) ಓಡುತ್ತಿದೆ. ಅದರೊಳಗಿನ ಡೇಟಾಬೇಸೋ ಗ್ರಾಫಾನಾ ಡ್ಯಾಶ್‌ಬೋರ್ಡೋ ನಮ್ಮ ಲ್ಯಾಪ್‌ಟಾಪ್‌ನಲ್ಲಿ ತೆರೆಯಬೇಕು, ಆದರೆ ಆ ಪೋರ್ಟ್ ಊರಿಗೆಲ್ಲ ಕಾಣಬಾರದು. ಈ ಕೆಲಸಕ್ಕೆ ನಾನು ವರ್ಷಗಳಿಂದ ನೆಚ್ಚಿಕೊಂಡಿರುವುದು ಓಪನ್‌ಎಸ್‌ಎಸ್‌ಎಚ್‌ನ ಲೋಕಲ್ ಫಾರ್ವರ್ಡಿಂಗ್ ಅನ್ನು. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಸಂಪರ್ಕದೊಳಗಿನಿಂದಲೇ ನಮ್ಮ ಲ್ಯಾಪ್‌ಟಾಪ್‌ನ ಒಂದು ಪೋರ್ಟನ್ನು ಆ ಕಡೆಯ ಪೋರ್ಟ್‌ಗೆ ಜೋಡಿಸುವ ಟನಲ್ ಇದು. ಒಬ್ಬರು ಹೋಗಿ ನೋಡಿ ಬರುವುದಕ್ಕೆ ಇದು ಧಾರಾಳವಾಗಿ ಸಾಕು. ಎರಡು ಸರ್ವಿಸ್‌ಗಳ ನಡುವೆ ಹಗಲೂ ರಾತ್ರಿ ಇರಬೇಕಾದ ದಾರಿಗೆ ಮಾತ್ರ ಬೇಡ.

ನೋಡ್‌ನಲ್ಲಿ ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಎಸ್‌ಎಸ್‌ಎಚ್ ಹೇಗೂ ಇರುತ್ತದೆ. ಆದರೆ ಕಂಟೈನರ್ ಓಡಿಸುವ ಡಾಕರ್ ಕಡೆ ಒಂದು ವಿಷಯ ನೋಡಿಕೊಳ್ಳಲೇಬೇಕು. ಸುಮ್ನೆ 5432:5432 ಅಂತ ಪೋರ್ಟ್ ಪಬ್ಲಿಷ್ ಮಾಡಿದರೆ ಅದು ನೋಡ್‌ನ ಎಲ್ಲ ವಿಳಾಸಗಳಲ್ಲೂ ತೆರೆದುಕೊಳ್ಳುತ್ತದೆ. ಡಾಕರ್ ತನ್ನದೇ ಐಪಿಟೇಬಲ್ಸ್ (ಲಿನಕ್ಸ್ ಫೈರ್‌ವಾಲ್) ನಿಯಮ ಬರೆಯುವುದರಿಂದ, ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಸಾಧನದಲ್ಲಿ ಮುಚ್ಚಿದ ಪೋರ್ಟೂ ಹೊರಗಿನಿಂದ ಸಿಗಬಹುದು. ಹಾಗಾದರೆ ಟನಲ್ ಹಾಕಿ ಏನು ಬಂತು? 127.0.0.1:5432:5432 ಅಂತಲೇ ಬರೆಯಿರಿ, ಆಗ ಪೋರ್ಟ್ ನೋಡ್‌ನೊಳಗಷ್ಟೇ ತೆರೆದಿರುತ್ತದೆ. ಪಬ್ಲಿಷ್ ಮಾಡದೆಯೂ ಹೋಗಬಹುದು: ಟನಲ್‌ಗೆ ಕಂಟೈನರ್‌ನ ಬ್ರಿಡ್ಜ್ ವಿಳಾಸವನ್ನೇ (ಡಾಕರ್‌ನ ಒಳ ನೆಟ್‌ವರ್ಕಿನ ವಿಳಾಸ), 172.17.0.2 ಥರದ್ದನ್ನು, ಕೊಟ್ಟರಾಯಿತು. ಕಂಟೈನರ್ ಮತ್ತೆ ಶುರುವಾದರೆ ವಿಳಾಸ ಬದಲಾಗಬಹುದು, ಹಾಗಾಗಿ ಅದು ತುರ್ತಿಗೆ ಮಾತ್ರ.

ನನ್ನ ತಕರಾರೆಲ್ಲ ಡೀಫಾಲ್ಟ್‌ಗಳ ಮೇಲೆ. ಸಂಪರ್ಕ ಜೀವಂತವಿದೆಯೇ ಎಂದು ಎಷ್ಟು ಸೆಕೆಂಡಿಗೊಮ್ಮೆ ಕೇಳಬೇಕು ಅನ್ನುವ ಸರ್ವರ್‌ಅಲೈವ್‌ಇಂಟರ್ವಲ್ ಮೊದಲಿಗೆ 0 ಇರುತ್ತದೆ, ಅಂದರೆ ಕೇಳುವುದೇ ಇಲ್ಲ. ಕೆಲಸವಿಲ್ಲದ ಸಂಪರ್ಕವನ್ನು ಮಧ್ಯದ ರೂಟರ್ ಮರೆತುಬಿಟ್ಟರೆ ಟನಲ್ ಸತ್ತಿದ್ದೂ ಗೊತ್ತಾಗುವುದಿಲ್ಲ, ಬ್ರೌಸರ್ ಸುತ್ತುತ್ತಲೇ ಇರುತ್ತದೆ. 30 ಇಟ್ಟ ಮೇಲೆ ಆ ಕಿರಿಕಿರಿ ಜಾಸ್ತಿ ಇಲ್ಲ. ಇನ್ನೊಂದು ಇದಕ್ಕಿಂತ ಅಪಾಯದ್ದು. ಲ್ಯಾಪ್‌ಟಾಪ್‌ನಲ್ಲೇ ಪೋಸ್ಟ್‌ಗ್ರೆಸ್ ಡೇಟಾಬೇಸ್ 5432ರಲ್ಲಿ ಓಡುತ್ತಿದ್ದರೆ, ಎಸ್‌ಎಸ್‌ಎಚ್ ಒಂದು ಎಚ್ಚರಿಕೆ ಸಾಲು ಹಾಕಿ ಲಾಗಿನ್ ಆಗಿಬಿಡುತ್ತದೆ. ಟನಲ್ ಇಲ್ಲ. ನೀವು ದೂರದ ಡೇಟಾಬೇಸ್ ಅಂದುಕೊಂಡು ನಿಮ್ಮದನ್ನೇ ತಿದ್ದುತ್ತಿರುತ್ತೀರಿ! ಟನಲ್ ಆಗದಿದ್ದರೆ ಎಸ್‌ಎಸ್‌ಎಚ್ ನಿಂತುಬಿಡುವ ಹಾಗೆ ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ ಅನ್ನು ಯೆಸ್ ಮಾಡಿ, ಲೋಕಲ್ ಪೋರ್ಟ್ 15432 ಥರ ಬೇರೆಯೇ ಕೊಡಿ. ಇದೆಲ್ಲ ಮೊದಲೇ ಹೀಗೆ ಇರಬೇಕಿತ್ತು, ಅಲ್ವಾ?

ಬಾಸ್ಟಿಯನ್ (ಒಳ ನೆಟ್‌ವರ್ಕಿಗೆ ಹೆಬ್ಬಾಗಿಲಿನಂತಿರುವ ಸರ್ವರ್) ದಾಟಿ ಹೋಗುವುದು ಓಪನ್‌ಎಸ್‌ಎಸ್‌ಎಚ್‌ನ 2016ರ 7.3 ಆವೃತ್ತಿಯಲ್ಲಿ ಪ್ರಾಕ್ಸಿಜಂಪ್ ಬಂದ ಮೇಲೆ ಒಂದೇ ಸಾಲಿನ ಕೆಲಸ.

ಹಲವು ನೋಡ್‌ಗಳ ಕಂಟೈನರ್‌ಗಳನ್ನು ಒಟ್ಟಿಗೆ ನಡೆಸುವ ಕುಬರ್ನೆಟಿಸ್ ಇದ್ದಲ್ಲಿ ಅದರ ಕಮಾಂಡ್ ಆದ ಕ್ಯೂಬ್‌ಸಿಟಿಎಲ್‌ನ ಪೋರ್ಟ್-ಫಾರ್ವರ್ಡ್ ಬಳಸುತ್ತೇನೆ. ನೋಡ್‌ಗೆ ಲಾಗಿನ್ ಬೇಕಿಲ್ಲ ಅನ್ನುವುದು ಅದರ ದೊಡ್ಡ ಸುಖ. ಆದರೆ ಟಿಸಿಪಿ ಮಾತ್ರ ಹೋಗುತ್ತದೆ. ಸರ್ವಿಸ್ ಹೆಸರು ಕೊಟ್ಟರೂ ಅದು ಹಿಡಿಯುವುದು ಒಂದೇ ಪಾಡ್ (ಕುಬರ್ನೆಟಿಸ್ ಕಂಟೈನರ್ ಓಡಿಸುವ ಘಟಕ) ಅನ್ನು. ಆ ಪಾಡ್ ಹೋದರೆ ಟನಲ್ಲೂ ಹೋಯಿತು. ಲೋಡ್ ಬ್ಯಾಲೆನ್ಸಿಂಗ್ ಪರೀಕ್ಷೆಗೆ ಇದನ್ನು ನಂಬಬೇಡಿ.

ವೇಗದ ಮಾತು: ಒಂದು ಎಸ್‌ಎಸ್‌ಎಚ್ ಸಂಪರ್ಕದ ಎಲ್ಲ ಫಾರ್ವರ್ಡ್‌ಗಳೂ ಒಂದೇ ಟಿಸಿಪಿ ಸಂಪರ್ಕದ ಮೇಲೆ ಓಡುತ್ತವೆ. ಡೇಟಾಬೇಸ್‌ನ ದೊಡ್ಡ ಡಂಪ್ (ಪೂರ್ತಿ ನಕಲು) ಇಳಿಸುವಾಗ ಪಕ್ಕದ ಡ್ಯಾಶ್‌ಬೋರ್ಡೂ ತೆವಳುತ್ತದೆ. ಡಂಪ್‌ಗೆ ಬೇರೆ ಸಂಪರ್ಕ ತೆರೆಯಿರಿ.

ಸದಾ ಇರಬೇಕಾದ ದಾರಿಗೆ ನಾನು ವೈರ್‌ಗಾರ್ಡ್ ವಿಪಿಎನ್ ಹಾಕಿದ್ದೇನೆ. 2020ರಲ್ಲಿ ಲಿನಕ್ಸ್ 5.6 ಕರ್ನಲ್‌ಗೇ ಸೇರಿದೆ, ಯುಡಿಪಿ ಮೇಲೆ ಓಡುತ್ತದೆ, ನೆಟ್‌ವರ್ಕ್ ಬದಲಾದರೂ ತಾನೇ ಚೇತರಿಸಿಕೊಳ್ಳುತ್ತದೆ. ಆದರೆ ಒಬ್ಬರಿಗೆ ಒಂದು ಡ್ಯಾಶ್‌ಬೋರ್ಡ್ ಮಾತ್ರ ತೋರಿಸಲು ಈಗಲೂ ಎಸ್‌ಎಸ್‌ಎಚ್ಚೇ ಸಲೀಸು. ನೋಡ್‌ನ ಆಥರೈಸ್ಡ್ ಕೀಸ್ ಫೈಲಿನಲ್ಲಿ ಅವರ ಕೀ ಮುಂದೆ ರಿಸ್ಟ್ರಿಕ್ಟ್, ಪೋರ್ಟ್-ಫಾರ್ವರ್ಡಿಂಗ್, ಪರ್ಮಿಟ್‌ಓಪನ್ ಬರೆದು 127.0.0.1:3000 ಅಂತ ಕೊಟ್ಟರೆ ಲೋಕಲ್ ಫಾರ್ವರ್ಡ್ ಆ ಪೋರ್ಟ್ ಬಿಟ್ಟು ಬೇರೆಲ್ಲಿಗೂ ಹೋಗುವುದಿಲ್ಲ. ಅವರಿಗೆ ಶೆಲ್ಲೂ ಬೇಡವಾದರೆ ಜೊತೆಗೆ ಕಮಾಂಡ್ ಆಯ್ಕೆಯನ್ನೂ ಹಾಕಿ. ನೋಡ್‌ಗಳು ಹೆಚ್ಚಾದಂತೆ ಇದನ್ನೆಲ್ಲ ಕೈಯಲ್ಲಿ ತಿದ್ದುವುದು ಬೇಸರದ ಕೆಲಸ. ನಾನು ಇದಕ್ಕೆ ಐದರಲ್ಲಿ ಒಂದು ಸ್ಟಾರ್ ಕಳೆದು ನಾಲ್ಕು ಕೊಡುವುದು ಅದಕ್ಕೇ.