94ರಲ್ಲೇ ನಿಂತಿದ್ದ ಸ್ಪೀಡು: ಹಾಸನದ ನಮ್ಮ ಮನೆಗೆ ತಂದ ಗಿಗಾಬಿಟ್ ಕಾರ್ಡು ಮತ್ತು ಕ್ಯಾಟ್-6 ಕೇಬಲ್ಲು

ನಾನು ಮದುವೆ ಆಲ್ಬಮ್ ಡಿಸೈನ್ ಮಾಡುತ್ತೇನೆ. ಹಾಸನದ ಕೆ.ಆರ್. ಪುರಂನಲ್ಲಿ ಮನೆ, ಮನೆಯ ಹಿಂದಿನ ಕೋಣೆಯಲ್ಲೇ ಕೆಲಸ. ಬೇಲೂರು, ಸಕಲೇಶಪುರ, ಅರಸೀಕೆರೆ ಕಡೆಯ ಫೋಟೋಗ್ರಾಫರ್‌ಗಳು ಮದುವೆ ಮುಗಿಸಿ ಫೋಟೋಗಳನ್ನು ಡ್ರೈವ್‌ಗೆ ಹಾಕಿ ನನಗೆ ಲಿಂಕ್ ಕಳಿಸುತ್ತಾರೆ. ಮೊದಲೆಲ್ಲ ಹಾರ್ಡ್ ಡಿಸ್ಕನ್ನೇ ಬಸ್ಸಿನಲ್ಲಿ ಕಳಿಸೋರು, ನಾನು ಬಸ್ ಸ್ಟ್ಯಾಂಡಿಗೆ ಹೋಗಿ ತರುತ್ತಿದ್ದೆ. ಈಗ ಎಲ್ಲ ನೆಟ್‌ನಲ್ಲೇ. ಆರತಕ್ಷತೆ, ಮುಹೂರ್ತ ಎರಡೂ ಸೇರಿದರೆ 3,500 ಫೋಟೋ, ಒಂದೊಂದು 12 ಎಂಬಿ. ಅಲ್ಲಿಗೆ 42 ಜಿಬಿ ಆಯ್ತು. ಸೀಸನ್‌ನಲ್ಲಿ ವಾರಕ್ಕೆ ಇಂಥವು ನಾಲ್ಕು ಬರುತ್ತವೆ.

ಅದಕ್ಕೇ ಯುಗಾದಿ ಆದಮೇಲೆ ಫೈಬರ್ ಪ್ಲಾನನ್ನು 100 ಎಂಬಿಪಿಎಸ್‌ನಿಂದ 300ಕ್ಕೆ ಏರಿಸಿದೆ. ತಿಂಗಳಿಗೆ ಸುಮಾರು 500 ರೂಪಾಯಿ ಜಾಸ್ತಿ. ಆದರೆ ನನ್ನ ಕಂಪ್ಯೂಟರಿನಲ್ಲಿ ಟೆಸ್ಟ್ ಮಾಡಿದರೆ 94. ಬೆಳಗ್ಗೆ ಐದಕ್ಕೆ ಎದ್ದು ನೋಡಿದರೂ 94, ರಾತ್ರಿ ಹನ್ನೊಂದಕ್ಕೂ 94. ಹಳೇ ಪ್ಲಾನಿನಲ್ಲೂ ಇಷ್ಟೇ ಬರುತ್ತಿತ್ತು.

ಕಂಪ್ಲೇಂಟ್ ಕೊಟ್ಟ ಮೇಲೆ ಇಂಟರ್ನೆಟ್ ಕಂಪನಿಯ ಹುಡುಗ ಬಂದ. ಹಾಲ್‌ನಲ್ಲಿರುವ ಫೈಬರ್ ಬಾಕ್ಸಿನ ಪಕ್ಕ ನಿಂತು ತನ್ನ ಫೋನ್‌ನಲ್ಲಿ ಟೆಸ್ಟ್ ಮಾಡಿ 280 ತೋರಿಸಿದ. "ನೋಡಿ ಅಕ್ಕ, ಲೈನ್ ಸರಿ ಇದೆ. ನಿಮ್ಮ ಸಿಸ್ಟಮ್ಮೇ ಸ್ಲೋ" ಅಂತ ಹೇಳಿ ಹೊರಟ. ನನಗೆ ತುಂಬಾ ಬೇಜಾರಾಯಿತು. ಸಿಸ್ಟಮ್‌ನಲ್ಲಿ ಏನು ಸ್ಲೋ, ಎಲ್ಲಿ ಸ್ಲೋ ಅಂತ ಒಂದು ಮಾತು ಹೇಳಿದ್ದರೆ ಮೂರು ತಿಂಗಳು ಸುಮ್ನೆ ದುಡ್ಡು ಕಟ್ಟುವುದು ತಪ್ಪುತ್ತಿತ್ತು. ಅವನು ಹೇಳಬೇಕಾಗಿದ್ದ ಆ ಮಾತನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

94 ಅನ್ನುವ ಸಂಖ್ಯೆಯಲ್ಲೇ ಉತ್ತರ ಇತ್ತು. ಸ್ಪೀಡು ಒಮ್ಮೆ 60, ಒಮ್ಮೆ 130, ಒಮ್ಮೆ 200 ಅಂತ ಏರಿಳಿತ ಆದರೆ ಅದು ವೈಫೈ ಅಥವಾ ಲೈನಿನ ತೊಂದರೆ ಇರಬಹುದು. ಯಾವಾಗ ನೋಡಿದರೂ 94ರ ಹತ್ತಿರವೇ ನಿಂತಿದ್ದರೆ ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್‌ನ ಬಾಗಿಲು ಇದೆ ಅಂತ ಅರ್ಥ. 100ರಲ್ಲಿ ಐದಾರು ಭಾಗ ಡೇಟಾದ ಮೇಲೆ ಅಂಟಿಸುವ ವಿಳಾಸ, ಲೆಕ್ಕ ಇಂಥವಕ್ಕೆ ಹೋಗುತ್ತದೆ. ಉಳಿಯುವುದು 94. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ ಈಥರ್‌ನೆಟ್‌ನ (ಅಂದರೆ ಕೇಬಲ್ ಮೂಲಕ ಬರುವ ನೆಟ್‌ನ) ಸ್ಟೇಟಸ್ ತೆರೆದರೆ 'ಸ್ಪೀಡ್' ಅಂತ ಒಂದು ಸಾಲು ಇರುತ್ತದೆ. ನನ್ನದರಲ್ಲಿ 100.0 ಎಂಬಿಪಿಎಸ್ ಅಂತಿತ್ತು. ಅಲ್ಲಿ 100 ಇದ್ದರೆ ನೀವು 300 ಅಲ್ಲ, 1000ದ ಪ್ಲಾನ್ ಹಾಕಿಸಿದರೂ ಅಷ್ಟೇ.

ನನ್ನ ಕಂಪ್ಯೂಟರು 2013ರಲ್ಲಿ ಜೋಡಿಸಿದ್ದು. ಆಮೇಲೆ ರ‍್ಯಾಮ್ ಹಾಕಿಸಿದೆ, ಎಸ್‌ಎಸ್‌ಡಿ ಹಾಕಿಸಿದೆ, ಫೋಟೋಶಾಪ್‌ಗೆ ಅಂತ ಗ್ರಾಫಿಕ್ಸ್ ಕಾರ್ಡ್ ಕೂಡ ಹಾಕಿಸಿದೆ. ಹಿಂದೆ ಕೇಬಲ್ ಚುಚ್ಚುವ ತೂತಿನ ಕಡೆ ಯಾರೂ ನೋಡಿರಲಿಲ್ಲ. ಮದರ್‌ಬೋರ್ಡಿನ ಪುಸ್ತಕ ಹುಡುಕಿ ತೆಗೆದರೆ ಅದರಲ್ಲಿ 10/100 ಅಂತ ಸ್ಪಷ್ಟವಾಗಿ ಬರೆದಿತ್ತು, ಅಂದರೆ ಹೆಚ್ಚೆಂದರೆ 100 ಎಂಬಿಪಿಎಸ್. ಕಡಿಮೆ ಬೆಲೆಯ ಹಳೇ ಬೋರ್ಡುಗಳಲ್ಲಿ ಇಂಥದು ಇರುತ್ತದೆ.

ಕೆಲಸ ಕಡಿಮೆ ಇರುವಾಗಲೇ ಇದನ್ನು ಸರಿ ಮಾಡಿಸಬೇಕು ಅಂತ ಆಷಾಢದವರೆಗೆ ಕಾದೆ. ಆಷಾಢದಲ್ಲಿ ಮದುವೆ ಇಲ್ಲ, ಆಲ್ಬಮ್ಮೂ ಇಲ್ಲ. ಬಿ.ಎಂ. ರಸ್ತೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ ಟಿಪಿ-ಲಿಂಕ್ ಕಂಪನಿಯ ಟಿಜಿ-3468 ಅನ್ನುವ ಗಿಗಾಬಿಟ್ ಲ್ಯಾನ್ ಕಾರ್ಡ್ ತಂದೆ. ನೆಟ್ ಕೇಬಲ್ ಚುಚ್ಚಲು ಹೊಸ ತೂತು ಕೊಡುವ ಕಾರ್ಡು ಇದು, ಗಿಗಾಬಿಟ್ ಅಂದರೆ 1000 ಎಂಬಿಪಿಎಸ್. 780 ರೂಪಾಯಿ. ಅಂಗಡಿಯವರು 2.5 ಗಿಗಾಬಿಟ್‌ನ ಕಾರ್ಡನ್ನೂ ತೋರಿಸಿದರು. ನಮ್ಮ ಫೈಬರ್ ಬಾಕ್ಸಿನ ಅತಿ ವೇಗದ ಪೋರ್ಟೇ 1 ಗಿಗಾಬಿಟ್‌ನದು, ಪ್ಲಾನು 300ರದು. ಅದಕ್ಕೆ ಜಾಸ್ತಿ ಕೊಡುವ ಅಗತ್ಯ ಇರಲಿಲ್ಲ. ವೈಫೈ ಡಾಂಗಲ್ ಯೋಚನೆಯೂ ಬಂದಿತ್ತು. ನಮ್ಮದು ಹಳೇ ಮನೆ, ಹಾಲ್‌ಗೂ ನನ್ನ ಕೋಣೆಗೂ ಮಧ್ಯೆ ಒಂದೂವರೆ ಅಡಿ ದಪ್ಪದ ಎರಡು ಗೋಡೆ. ಹಾಲ್‌ನಲ್ಲಿ 280 ತೋರಿಸಿದ ಅದೇ 5 ಗಿಗಾಹರ್ಟ್ಸ್ ವೈಫೈ ನನ್ನ ಮೇಜಿನ ಹತ್ತಿರ ಬರುವಷ್ಟರಲ್ಲಿ 40ಕ್ಕೆ ಇಳಿಯುತ್ತದೆ. ಒಂದೇ ಜಾಗದಲ್ಲಿ ಕೂತಿರುವ ಕಂಪ್ಯೂಟರಿಗೆ ತಂತಿಯೇ ಸರಿ. ಇದು ನನ್ನ ಖಚಿತ ಅಭಿಪ್ರಾಯ.

ಕಾರ್ಡು ತೀರಾ ಚಿಕ್ಕದು, ಅಂಗೈಯೊಳಗೆ ಕೂರುತ್ತದೆ. ತರುವ ಮೊದಲು ಸಿಪಿಯು ಡಬ್ಬ ಬಿಚ್ಚಿ ಒಳಗೆ ಜಾಗ ಇದೆಯಾ ಅಂತ ನೋಡಿಕೊಳ್ಳಿ. ಬೇಕಾಗುವುದು ಪಿಸಿಐ ಎಕ್ಸ್‌ಪ್ರೆಸ್‌ನ ಗಿಡ್ಡ ಸ್ಲಾಟು. ಹಳೇ ಬೋರ್ಡುಗಳಲ್ಲಿ ಬರೀ ಪಿಸಿಐ ಅನ್ನುವ ಉದ್ದನೆಯ ಬಿಳಿ ಸ್ಲಾಟೂ ಇರುತ್ತದೆ, ಅದರಲ್ಲಿ ಈ ಕಾರ್ಡು ಕೂರುವುದಿಲ್ಲ. ನನಗೆ ಇನ್ನೊಂದು ತೊಡಕಿತ್ತು. ಗ್ರಾಫಿಕ್ಸ್ ಕಾರ್ಡು ದಪ್ಪ, ಅದರ ಫ್ಯಾನು ಒಂದು ಗಿಡ್ಡ ಸ್ಲಾಟನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಪುಣ್ಯಕ್ಕೆ ಕೆಳಗೆ ಇನ್ನೊಂದು ಖಾಲಿ ಇತ್ತು.

ಹಾಕುವುದು ಕಷ್ಟದ ಕೆಲಸವೇನಲ್ಲ. ಪವರ್ ವೈರು ಕಿತ್ತೆ, ಡಬ್ಬದ ಕಬ್ಬಿಣವನ್ನು ಒಮ್ಮೆ ಮುಟ್ಟಿದೆ. ಕೈಯಲ್ಲಿರುವ ಸ್ಟ್ಯಾಟಿಕ್ ಕರೆಂಟು ಕಾರ್ಡಿಗೆ ಹೊಡೆಯಬಾರದು ಅಂತ. ಹಿಂದಿನ ತಗಡಿನ ಪಟ್ಟಿ ಬಿಚ್ಚಿ, ಕಾರ್ಡನ್ನು ನೇರವಾಗಿ ಒತ್ತಿ, ಒಂದು ಸ್ಕ್ರೂ ತಿರುಗಿಸಿದರೆ ಮುಗೀತು. ಡಿಸ್ಕು, ಡ್ರೈವರು ಏನೂ ಬೇಕಾಗಲಿಲ್ಲ, ವಿಂಡೋಸ್ 10 ತಾನೇ ಗುರುತು ಹಿಡಿಯಿತು. ಹಳೇ ಪೋರ್ಟನ್ನು ಡಿವೈಸ್ ಮ್ಯಾನೇಜರ್‌ಗೆ ಹೋಗಿ ಆಫ್ ಮಾಡಿದೆ. ಇಲ್ಲದಿದ್ದರೆ ಎರಡು ಈಥರ್‌ನೆಟ್ ಕಾಣಿಸಿ ಗೊಂದಲ ಆಗುತ್ತದೆ.

ಆಸೆಯಿಂದ ಸ್ಟೇಟಸ್ ತೆರೆದೆ. 100.0 ಎಂಬಿಪಿಎಸ್.

ಅಂಗಡಿಗೆ ಫೋನ್ ಮಾಡಿದೆ. "ಅಕ್ಕ, ಪೀಸೇ ಪ್ರಾಬ್ಲಮ್ ಇರಬಹುದು, ತನ್ನಿ, ಬೇರೆ ಕೊಡ್ತೀನಿ" ಅಂದ ಅಲ್ಲಿನ ಹುಡುಗ. ಒಳ್ಳೆ ಮಾತೇ. ಕಾರ್ಡು ಬಿಚ್ಚೋಣ ಅಂತ ಕೇಬಲ್ ಎಳೆದೆ. ತುದಿಯ ಪ್ಲಗ್ಗು ಗಾಜಿನಂಥ ಪ್ಲಾಸ್ಟಿಕ್ಕಿನದು, ಒಳಗಿನದೆಲ್ಲ ಕಾಣುತ್ತದೆ. ವರ್ಷಗಟ್ಟಲೆ ಅದನ್ನು ಚುಚ್ಚಿ ಕಿತ್ತು ಮಾಡಿದ್ದೇನೆ, ಒಂದು ದಿನವೂ ಒಳಗೆ ನೋಡಿರಲಿಲ್ಲ. ಅವತ್ತು ಕಿಟಕಿಯ ಬೆಳಕಿಗೆ ಹಿಡಿದೆ. ಹೊಂಬಣ್ಣದ ಎಂಟು ಹಲ್ಲು, ಎಂಟು ಸಣ್ಣ ಕಾಲುವೆ. ಮೊದಲನೆಯದರಲ್ಲಿ ಬಿಳಿ-ಕಿತ್ತಳೆ, ಎರಡನೆಯದರಲ್ಲಿ ಕಿತ್ತಳೆ, ಮೂರನೆಯದರಲ್ಲಿ ಬಿಳಿ-ಹಸಿರು. ಆಮೇಲೆ ಎರಡು ಖಾಲಿ. ಆರರಲ್ಲಿ ಹಸಿರು. ಮತ್ತೆ ಎರಡು ಖಾಲಿ. ನೀಲಿ ಜೋಡಿಯನ್ನೂ ಕಂದು ಜೋಡಿಯನ್ನೂ ಪ್ಲಗ್ಗಿನ ಹಿಂದೆಯೇ ಕತ್ತರಿಸಿ ಬಿಟ್ಟಿದ್ದರು.

100 ಎಂಬಿಪಿಎಸ್‌ಗೆ ಎರಡು ಜೋಡಿ, ಅಂದರೆ ನಾಲ್ಕು ತಂತಿ ಸಾಕು. ಗಿಗಾಬಿಟ್‌ಗೆ ನಾಲ್ಕು ಜೋಡಿ, ಎಂಟೂ ತಂತಿ ಬೇಕೇ ಬೇಕು. ನೀಲಿ, ಕಂದು ಇವುಗಳಲ್ಲಿ ಒಂದು ಜೋಡಿ ಕಡಿಮೆ ಆದರೂ ಸಾಮಾನ್ಯವಾಗಿ ಎರಡೂ ತುದಿಯ ಯಂತ್ರಗಳು ಮಾತಾಡಿಕೊಂಡು 100ಕ್ಕೆ ಇಳಿದುಬಿಡುತ್ತವೆ. ನೆಟ್ ನಿಲ್ಲುವುದಿಲ್ಲ, ಎಲ್ಲ ಸರಿ ಇದೆ ಅಂತಲೇ ಅನಿಸುತ್ತದೆ. ಹಿಂದೆ ಕೇಬಲ್ ಎಳೆದವರು ನಾಲ್ಕೇ ತಂತಿ ಸಿಕ್ಕಿಸಿ ಹೋಗಿದ್ದರು. ಆಗಿನ ಪ್ಲಾನಿಗೆ ಅಷ್ಟು ಸಾಕಾಗಿತ್ತು, ಅವರ ಕೆಲಸ ಬೇಗ ಮುಗಿದಿತ್ತು.

ಕಾರ್ಡನ್ನು ಅಲ್ಲೇ ಬಿಟ್ಟು ಅದೇ ಅಂಗಡಿಯಿಂದ ಡಿ-ಲಿಂಕ್‌ನ ಕ್ಯಾಟ್-6 ಕೇಬಲ್ 22 ಮೀಟರ್ ತಂದೆ. 305 ಮೀಟರ್‌ನ ಪೆಟ್ಟಿಗೆಯಿಂದ ಕತ್ತರಿಸಿ ಕೊಡುತ್ತಾರೆ, ಮೀಟರಿಗೆ 28 ರೂಪಾಯಿ. ಕ್ಯಾಟ್ ಅನ್ನುವುದು ಕೇಬಲ್ಲಿನ ದರ್ಜೆ. ಒಂದು ದರ್ಜೆ ಕೆಳಗಿನ ಕ್ಯಾಟ್-5ಇ ಇದ್ದರೂ ಗಿಗಾಬಿಟ್ 100 ಮೀಟರ್‌ವರೆಗೆ ಓಡುತ್ತದೆ. ಆದರೆ ಅಟ್ಟದ ಮೇಲೆ ಒಂದು ಸಲ ಎಳೆದರೆ ಹತ್ತು ವರ್ಷ ಮುಟ್ಟಬಾರದು ಅಂತ ಕ್ಯಾಟ್-6 ತೆಗೆದುಕೊಂಡೆ. ಒಂದು ಮಾತು ಗಮನದಲ್ಲಿರಲಿ. ಮಾರ್ಕೆಟ್ಟಿನಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಕಳಪೆ ಕೇಬಲ್ಲೂ ಸಿಗುತ್ತದೆ. ನೋಡಲು ಒಂದೇ ಥರ. ಅಂಗಡಿಯಲ್ಲೇ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿದೆ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಇದು ಒಳಗೂ ಕೆಂಪಗೇ ಇತ್ತು. ಅಂಗಡಿಯವರು ಬೇಜಾರು ಮಾಡಿಕೊಳ್ಳಲಿಲ್ಲ, ಅವರೇ ಬ್ಲೇಡು ಕೊಟ್ಟರು.

ಕ್ಯಾಟ್-6 ಸ್ವಲ್ಪ ದಪ್ಪ, ಬಿಗಿ. ಜೋಡಿಗಳ ಮಧ್ಯೆ ಪ್ಲಸ್ ಆಕಾರದ ಪ್ಲಾಸ್ಟಿಕ್ ಬೆನ್ನೆಲುಬು ಇದೆ. ಮೂಲೆಯಲ್ಲಿ ಮಡಚಿ ಬಿಗಿಯಬಾರದು, ಸುತ್ತಾಗಿ ತಿರುಗಿಸಬೇಕು. ಎಲೆಕ್ಟ್ರಿಷಿಯನ್ ಅಣ್ಣ ಅಟ್ಟ ಹತ್ತಿದರು, ನಮ್ಮತ್ತೆ ಕೆಳಗೆ ಏಣಿ ಹಿಡಿದುಕೊಂಡು ನಿಂತರು. ಅಟ್ಟದಲ್ಲಿ ಇಲಿ ಕಾಟ ಇದೆ, ಅದಕ್ಕೆ ಕೇಬಲ್ಲನ್ನು ಪಿವಿಸಿ ಪೈಪಿನೊಳಗೆ ಹಾಕಿಸಿದೆ. ಕರೆಂಟಿನ ಪೈಪಿನಿಂದ ದೂರ ಇಡಿಸಿದೆ. ಎರಡೂ ತುದಿಗೆ ಹೊಸ ಪ್ಲಗ್ಗು. ಅಣ್ಣ ಕ್ರಿಂಪ್ ಮಾಡುವಾಗ, ಅಂದರೆ ತಂತಿಗೆ ಪ್ಲಗ್ಗು ಒತ್ತಿ ಕೂರಿಸುವಾಗ, ನಾನು ಪಕ್ಕದಲ್ಲೇ ಕೂತು ಬಣ್ಣ ಓದಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟೂ ತಂತಿ ಪ್ಲಗ್ಗಿನ ಮುಂದಿನ ಗೋಡೆಗೆ ತಾಗಿದ್ದು ಕಣ್ಣಾರೆ ನೋಡಿದ ಮೇಲೆಯೇ ಒತ್ತಲು ಹೇಳಿದೆ.

ಇಷ್ಟಾದ ಮೇಲೂ 100.0! ಆ ಕ್ಷಣ ನಿಜವಾಗಿಯೂ ಕೈಚೆಲ್ಲಿ ಕೂತೆ. ಫೈಬರ್ ಬಾಕ್ಸನ್ನು ತಿರುಗಿಸಿ ನೋಡಿದಾಗ ಗೊತ್ತಾಯಿತು. ಅದಕ್ಕೆ ನಾಲ್ಕು ಪೋರ್ಟು, ಒಂದಕ್ಕೆ ಮಾತ್ರ ಜಿಇ ಅಂತ ಬರೆದಿದೆ, ಉಳಿದ ಮೂರಕ್ಕೆ ಎಫ್‌ಇ. ಜಿಇ ಅಂದರೆ ಗಿಗಾಬಿಟ್, ಎಫ್‌ಇ ಅಂದರೆ 100. ನಮ್ಮ ಕೇಬಲ್ ಮೊದಲಿಂದಲೂ ಎರಡನೇ ಪೋರ್ಟಿನಲ್ಲಿತ್ತು. ಕಿತ್ತು ಮೊದಲನೆಯದಕ್ಕೆ ಹಾಕಿ ಕೋಣೆಗೆ ಓಡಿದೆ. 1.0 ಜಿಬಿಪಿಎಸ್. ಅತ್ತೆಯನ್ನು ಕರೆದು ತೋರಿಸಿದೆ.

ಟೆಸ್ಟ್‌ನಲ್ಲಿ ಡೌನ್‌ಲೋಡ್ 298, ಅಪ್‌ಲೋಡ್ 290 ಬಂತು. ಶ್ರಾವಣದ ಮೊದಲ ಮದುವೆ ಸಕಲೇಶಪುರದ್ದು, 42 ಜಿಬಿ. ಮೊದಲು ಇಷ್ಟಕ್ಕೆ ಒಂದು ಗಂಟೆಯ ಮೇಲೆ ಬೇಕಿತ್ತು, ಈಗ 25 ನಿಮಿಷದಲ್ಲಿ ಇಳಿಯಿತು. ನನಗೆ ಇದಕ್ಕಿಂತ ಹೆಚ್ಚು ಖುಷಿ ಕೊಟ್ಟಿದ್ದು ಅಪ್‌ಲೋಡು. ಆಲ್ಬಮ್ ಮುಗಿದ ಮೇಲೆ ಪ್ರಿಂಟ್ ಲ್ಯಾಬಿಗೆ ಕಳಿಸುವ ಫೈಲುಗಳು ಮೂರು ನಾಲ್ಕು ಜಿಬಿ ಇರುತ್ತವೆ. ಸಂಜೆ ಆರಕ್ಕೆ ಕೆಲಸ ಮುಗಿಸಿ, ಕಾಫಿ ಇಟ್ಟು ಬರುವಷ್ಟರಲ್ಲಿ ಹೋಗಿರುತ್ತದೆ. ಡೌನ್‌ಲೋಡ್ ಪಟ್ಟಿಯಲ್ಲಿ ಸೆಕೆಂಡಿಗೆ 35 ಎಂಬಿ ಅಂತ ಕಂಡರೆ ಗಾಬರಿ ಬೇಡ. ಪ್ಲಾನಿನ 300 ಬಿಟ್‌ನ ಲೆಕ್ಕ, ಫೈಲಿನದು ಬೈಟ್‌ನ ಲೆಕ್ಕ. ಎಂಟರಿಂದ ಭಾಗಿಸಬೇಕು.

ಒಟ್ಟು ಖರ್ಚು ಕಾರ್ಡು 780, ಕೇಬಲ್ಲು 616, ಪ್ಲಗ್ಗು 20, ಪೈಪು ಮತ್ತು ಕೂಲಿ 350. ಎಲ್ಲ ಸೇರಿ 1,766 ರೂಪಾಯಿ.

ಕಾರ್ಡಿನ ಬಗ್ಗೆ ಹೇಳುವುದಾದರೆ ಎರಡು ತಿಂಗಳಲ್ಲಿ ಒಮ್ಮೆಯೂ ಕನೆಕ್ಷನ್ ಬಿಟ್ಟಿಲ್ಲ, ಬಿಸಿಯೂ ಆಗುವುದಿಲ್ಲ. ನಿಮ್ಮ ಪ್ಲಾನು 100 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇದನ್ನು ಕೊಳ್ಳಬೇಡಿ, ಏನೂ ಬದಲಾಗುವುದಿಲ್ಲ. ಲ್ಯಾಪ್‌ಟಾಪ್ ಇರುವವರಿಗೆ ಇದು ಆಗುವುದಿಲ್ಲ. ಅವರು ಯುಎಸ್‌ಬಿ 3.0ಕ್ಕೆ ಹಾಕುವ ಗಿಗಾಬಿಟ್ ಅಡಾಪ್ಟರ್ ತೆಗೆದುಕೊಳ್ಳಬೇಕು. ಅದನ್ನು ಹಳೇ ಯುಎಸ್‌ಬಿ 2.0 ತೂತಿಗೆ ಹಾಕಿದರೆ ಪೂರ್ತಿ ಸ್ಪೀಡು ಸಿಗುವುದಿಲ್ಲ. ಬಾಕ್ಸಿನಲ್ಲಿ ಒಂದೇ ಜಿಇ ಪೋರ್ಟಿದ್ದು ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದರೆ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ (ಒಂದು ಕೇಬಲ್ಲಿನ ನೆಟ್ಟನ್ನು ಹಲವು ಕಂಪ್ಯೂಟರಿಗೆ ಹಂಚುವ ಡಬ್ಬ) ಒಂದು ಬೇಕಾಗುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಗೊತ್ತಲ್ವಾ. ಫೈಬರ್ ಗಾಜಿನದು, ಅದರೊಳಗೆ ಕರೆಂಟು ಹರಿಯುವುದಿಲ್ಲ. ಆದರೆ ಬಾಕ್ಸಿನ ಅಡಾಪ್ಟರು ಮನೆಯ ಕರೆಂಟಿಗೆ ಸೇರಿರುತ್ತದೆ, ಅಲ್ಲಿಂದ ತಾಮ್ರದ ಲ್ಯಾನ್ ಕೇಬಲ್ ನೇರ ಕಂಪ್ಯೂಟರಿಗೆ. ಗುಡುಗು ಶುರುವಾದರೆ ಪವರಿನ ಪಿನ್ನು ತೆಗೆದರೆ ಸಾಲದು, ಲ್ಯಾನ್ ಕೇಬಲ್ಲನ್ನೂ ಕೀಳಿ. ಕೇಬಲ್ಲನ್ನು ಮನೆಯ ಹೊರಗೋಡೆಯ ಮೇಲೆ ಎಳೆಸಬೇಡಿ, ಒಳಗೇ ತನ್ನಿ.

ಮೊನ್ನೆ ಅರಸೀಕೆರೆಯ ಫೋಟೋಗ್ರಾಫರ್ ಹುಡುಗ ಫೋನ್ ಮಾಡಿದ್ದ. ಅವನದೂ 200ರ ಪ್ಲಾನು, ಸ್ಟುಡಿಯೋದಲ್ಲಿ ಬರುವುದು 93. ಕೇಬಲ್ಲಿನ ಪ್ಲಗ್ಗನ್ನು ಬೆಳಕಿಗೆ ಹಿಡಿದು ಫೋಟೋ ತೆಗೆದು ಕಳಿಸು ಅಂದೆ. ಅವನ ಕ್ಯಾಮೆರಾದಲ್ಲೇ ಹತ್ತಿರದಿಂದ ಚೆನ್ನಾಗಿ ತೆಗೆದು ಕಳಿಸಿದ. ನಾಲ್ಕೇ ತಂತಿ ಇತ್ತು. ಅವನ ಬೋರ್ಡು ಹೊಸದು, ಗಿಗಾಬಿಟ್ ಪೋರ್ಟ್ ಅದರಲ್ಲೇ ಇದೆ, ಕಾರ್ಡು ಬೇಕಿಲ್ಲ. 15 ಮೀಟರ್ ಕೇಬಲ್ ಸಾಕಂತೆ, ಭಾನುವಾರ ಎಳೆಸುತ್ತಿದ್ದಾನೆ.