ಅಂಗಡಿಯಲ್ಲಿ ಆರು ವರ್ಷ ಡೆಬಿಯನ್: ಸದ್ದಿಲ್ಲದ ಆ ಏಳು ತಿಂಗಳು

ನಮ್ಮದು ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಪುಟ್ಟ ಜೆರಾಕ್ಸ್, ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಾಡಿಗೆ ಕರಾರು, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟ್, ಸ್ಕಾಲರ್‌ಶಿಪ್ ಅರ್ಜಿ, ಇಷ್ಟೇ ಕೆಲಸ. 2020ರ ಜನವರಿ 14ಕ್ಕೆ ವಿಂಡೋಸ್ 7ರ ಸಪೋರ್ಟ್ ಮುಗಿಯಿತು. ಹೊಸದು ಹಾಕಿಸಬೇಕು ಅಂದರೆ ಎರಡು ಮೆಷಿನ್ನೇ ಬದಲಿಸಬೇಕಿತ್ತು. ಲ್ಯಾಮಿನೇಷನ್ ಮೆಷಿನ್ನಿನ ಕಂತೇ ಇನ್ನೂ ತೀರಿರಲಿಲ್ಲ. ಹಾಗಾಗಿ ವಿಂಡೋಸ್ ಬದಲಿಗೆ ಡೆಬಿಯನ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ಮಿನ 10ನೇ ಆವೃತ್ತಿ, ಅಂದರೆ ಬಸ್ಟರ್, ಅಂಗಡಿಗೆ ಬಂತು. ದುಡ್ಡಿಲ್ಲದೆ ಬಂದದ್ದು. ಸಿದ್ಧಾಂತ ಗಿದ್ಧಾಂತ ಏನೂ ಇರಲಿಲ್ಲ.

ಬಂದ ಮೇಲೆ ಇಷ್ಟವಾಯಿತು. ಬೆಳಿಗ್ಗೆ ಶಟರ್ ಎತ್ತುತ್ತೇನೆ, ದೇವರ ಫೋಟೋಗೆ ಊದುಬತ್ತಿ ಹಚ್ಚುತ್ತೇನೆ, ಮೆಷಿನ್‌ಗಳನ್ನು ಆನ್ ಮಾಡುತ್ತೇನೆ. ಆಮೇಲೆ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ ತೆರೆದು, ಹೊಸ ತಿದ್ದುಪಡಿ ಇದೆಯಾ ಅಂತ ಕೇಳುವ ‘ಸುಡೊ ಆಪ್ಟ್ ಅಪ್‌ಡೇಟ್’ ಒತ್ತುವುದು. ಸಾಲುಗಳು ಸರಸರ ಮೇಲೆ ಹೋಗುತ್ತವೆ. ಪಕ್ಕದ ಹೋಟೆಲಿನಿಂದ ಕಾಫಿ ಬರುವಷ್ಟರಲ್ಲಿ ಎಷ್ಟು ಪ್ಯಾಕೇಜ್, ಅಂದರೆ ಸಾಫ್ಟ್‌ವೇರ್ ಕಟ್ಟು, ಹೊಸದಾಗಿ ಬಂದಿವೆ ಅಂತ ಗೊತ್ತಾಗುತ್ತದೆ. ನಾಲ್ಕು ಬಂದರೆ ನಾಲ್ಕು, ಹನ್ನೆರಡು ಬಂದರೆ ಹನ್ನೆರಡು. ‘ಅಪ್‌ಗ್ರೇಡ್’ ಕೊಟ್ಟು ಕಾಫಿ ಕುಡಿಯುವುದು. ನಡುವೆ ರೀಸ್ಟಾರ್ಟ್ ಆಗಿ ಗಿರಾಕಿಯ ಮುಂದೆ ಮಾನ ಕಳೆದದ್ದು ಒಂದು ಸಲವೂ ಇಲ್ಲ.

ಕನ್ನಡ ಟೈಪಿಂಗ್‌ಗೆ ಐಬಸ್ ಅನ್ನುವ ಸಾಫ್ಟ್‌ವೇರ್, ಜೊತೆಗೆ ಎಂ17ಎನ್ ಅನ್ನುವ ಕೀಲಿಮಣೆ ವಿನ್ಯಾಸಗಳ ಕಟ್ಟು ಇದೆ. ಅದರಲ್ಲಿ ಕೆಜಿಪಿ ಕೀಲಿಮಣೆ ಸಿಗುತ್ತದೆ, ನುಡಿಯಲ್ಲಿ ಪಳಗಿದ ಬೆರಳಿಗೆ ಕಷ್ಟವಿಲ್ಲ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ತರುವವರು ಈಗಲೂ ಇದ್ದಾರೆ, ಅದನ್ನು ಯೂನಿಕೋಡ್‌ಗೆ ತಿರುಗಿಸುವ ತಾಪತ್ರಯ ಇದ್ದೇ ಇದೆ. ಆದರೆ ಡೆಬಿಯನ್ ಪ್ಯಾಕೇಜ್‌ಗಳಲ್ಲಿ ‘ಗುಬ್ಬಿ’ ಅನ್ನುವ ಕನ್ನಡ ಫಾಂಟ್ ಕಂಡ ದಿನ ನನಗೆ ಆದ ಖುಷಿ ಹೇಳತೀರದು. ನನ್ನ ತವರು ಗುಬ್ಬಿ ತಾಲ್ಲೂಕು! ಹೆಸರಿಟ್ಟವರು ಹಕ್ಕಿಯನ್ನೇ ನೆನೆದಿರಬೇಕು, ಯಾಕೆಂದರೆ ಅದರ ಜೊತೆಗಾರ ಫಾಂಟ್ ‘ನವಿಲು’. ಇರಲಿ, ನಮ್ಮೂರು ಅಂತಲೇ ಅಂದುಕೊಂಡಿದ್ದೇನೆ.

ಈಗ ಉರಿ ಎದ್ದ ಕಥೆ. 2024ರ ಮಳೆಗಾಲದಿಂದ ಬೆಳಗಿನ ಅಪ್‌ಡೇಟ್‌ನಲ್ಲಿ ಏನೂ ಬರುತ್ತಿರಲಿಲ್ಲ. ಎಲ್ಲ ಸರಿ ಇದೆ ಅನ್ನುವ ಒಂದೇ ಸಾಲು. ಜುಲೈ, ಆಗಸ್ಟ್, ದಸರಾ, ದೀಪಾವಳಿ ಎಲ್ಲ ದಾಟಿತು. ಎಷ್ಟು ಗಟ್ಟಿ ಸಿಸ್ಟಮ್ಮು, ರಿಪೇರಿಯೇ ಬೇಕಾಗಿಲ್ಲ ನೋಡಿ ಅಂತ ಪಕ್ಕದ ಮೊಬೈಲ್ ಅಂಗಡಿಯವರ ಹತ್ತಿರ ಜಂಬ ಬೇರೆ ಕೊಚ್ಚಿಕೊಂಡಿದ್ದೆ. ಸಂಕ್ರಾಂತಿ ಕಳೆದ ಮೇಲೆ ರಿಪೋರ್ಟ್ ಬೈಂಡಿಂಗ್‌ಗೆ ಬಂದ ಎಂಜಿನಿಯರಿಂಗ್ ಹುಡುಗ ಪರದೆ ನೋಡಿ, “ಅಕ್ಕ, ಇನ್ನೂ ಬಸ್ಟರ್ ಇಟ್ಕೊಂಡಿದೀರಾ? ಇದರ ಸಪೋರ್ಟ್ ಜೂನ್‌ಗೇ ಮುಗೀತಲ್ಲ” ಅಂದ.

ಏನೂ ಕೆಟ್ಟಿಲ್ಲ ಅಂದುಕೊಂಡಿದ್ದೆ. ನೋಡುವವರೇ ಇರಲಿಲ್ಲ! ಬಾಗಿಲ ಚಿಲಕ ಸಡಿಲವಾಗಿದೆಯಾ ಅಂತ ಏಳು ತಿಂಗಳು ಯಾರೂ ಮುಟ್ಟಿ ನೋಡಿಲ್ಲ. ಅದೇ ಮೆಷಿನ್ನಿನಲ್ಲಿ ಜನರ ಆಧಾರ್ ಸ್ಕ್ಯಾನ್ ಮಾಡುತ್ತಿದ್ದೆ. “ಇದೇನು ಸಪೋರ್ಟು, ಒಂದು ಮಾತು ಹೇಳಬಾರದಾ?” ಅಂತ ಆ ಹುಡುಗನ ಮೇಲೆಯೇ ರೇಗಿದೆ, ಪಾಪ. ಅವನು ಫೋನಿನಲ್ಲಿ ತೆಗೆದು ತೋರಿಸಿದ. ತಾರೀಖು ಎಂದೋ ಪ್ರಕಟವಾಗಿತ್ತು: 2024ರ ಜೂನ್ 30. ಒಂದು ಆವೃತ್ತಿ ಹೊರಬಂದ ಮೇಲೆ ಸುಮಾರು ಮೂರು ವರ್ಷ ಡೆಬಿಯನ್ನಿನ ಭದ್ರತಾ ತಂಡ ನೋಡಿಕೊಳ್ಳುತ್ತದೆ. ಮತ್ತೆ ಎರಡು ವರ್ಷ ಎಲ್‌ಟಿಎಸ್, ಅಂದರೆ ದೀರ್ಘಾವಧಿ ಸಪೋರ್ಟ್, ಅಂತ ಬೇರೆ ಗುಂಪು ನೋಡಿಕೊಳ್ಳುತ್ತದೆ. ಅದರಲ್ಲಿ ಸ್ವಯಂಸೇವಕರ ಜೊತೆ, ಕಂಪನಿಗಳು ಕೊಡುವ ದುಡ್ಡಿನಿಂದ ಕೆಲಸ ಮಾಡುವವರೂ ಇದ್ದಾರೆ. ನಾನು ಓದಿರಲಿಲ್ಲ, ಅಷ್ಟೆ.

ಮುಂದಿನ ಭಾನುವಾರ ಅಂಗಡಿ ಮುಚ್ಚಿ ಕೂತೆ. 10ರಿಂದ ನೇರ 12ಕ್ಕೆ ಹಾರುವ ಹಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿ 11 ಹತ್ತಿಯೇ ಹೋಗಬೇಕು. ಅಪ್‌ಡೇಟ್ ಎಲ್ಲಿಂದ ತರಬೇಕು ಅಂತ ಬರೆದಿರುವ ಫೈಲಿನಲ್ಲಿ ‘ಬಸ್ಟರ್’ ಇದ್ದ ಕಡೆ 11ರ ಹೆಸರು ‘ಬುಲ್ಸ್ಐ’ ಅಂತ ತಿದ್ದಿದೆ. ಭದ್ರತೆಯ ಸಾಲು ಎರರ್ ಕೊಟ್ಟಿತು. ಆ ಆವೃತ್ತಿಯಿಂದ ಅದರ ವಿಳಾಸ ಬರೆಯುವ ಕ್ರಮವೇ ಬದಲಾಗಿದೆಯಂತೆ, ರಿಲೀಸ್ ನೋಟ್ಸ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. 12ಕ್ಕೆ ಹೋದಾಗ ವೈಫೈ ಚಿಪ್ಪಿಗೆ ಬೇಕಾದ ಫರ್ಮ್‌ವೇರ್‌ಗಾಗಿ ಅದೇ ಫೈಲಿನಲ್ಲಿ ಇನ್ನೊಂದು ಪದ ಸೇರಿಸಬೇಕು, ಅದನ್ನೂ ಬರೆದಿದ್ದಾರೆ. ಎರಡನೇ ಸಲ ಮೊದಲು ಓದಿ ಆಮೇಲೆ ಕೈ ಹಾಕಿದೆ. ಸಂಜೆ ಆರಕ್ಕೆ ಮುಗಿಯಿತು.

ಆಮೇಲೆ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಹತ್ತಿತು. ನಾನು ಪತ್ರಿಕೆ, ಕರಾರು ಟೈಪ್ ಮಾಡುವ ಲಿಬ್ರೆಆಫೀಸ್ ಡೆಬಿಯನ್ 12ರಲ್ಲಿ ಇರುವುದು 7.4. ಅದನ್ನು ಬರೆದವರು ಆ ಆವೃತ್ತಿಯನ್ನು ಯಾವತ್ತೋ ಬಿಟ್ಟು ಮುಂದೆ ಹೋಗಿದ್ದಾರೆ. ಆದರೂ ಹೊಸ ತೂತು ಸಿಕ್ಕಾಗ ಡೆಬಿಯನ್ ಮಂದಿ ಅದೇ ಹಳೇ ಬಟ್ಟೆಗೆ ತೇಪೆ ಹಾಕಿ ಕೊಡುತ್ತಾರೆ. ಬಟ್ಟೆ ಬದಲಿಸುವುದಿಲ್ಲ. ನನ್ನ ಲಗ್ನಪತ್ರಿಕೆಯ ಟೆಂಪ್ಲೇಟ್ ಐದು ವರ್ಷದಿಂದ ಅಲ್ಲಾಡದೆ ಕೂತಿರುವುದು ಹೀಗೆ. ಇವರ ಭಾಷೆಯಲ್ಲಿ ಸಪೋರ್ಟ್ ಅಂದರೆ ಆ ತೇಪೆ. ಫೋನ್ ಎತ್ತಿ “ಹೇಳಿ ಮೇಡಂ” ಅನ್ನುವವರು ಯಾರೂ ಇಲ್ಲ.

ಎಕ್ಸ್‌ಝಡ್ ಪ್ರಕರಣ ಓದಿದಾಗ ಮಾತ್ರ ನನಗೆ ನಾಚಿಕೆಯೇ ಆಯಿತು. ಫೈಲ್ ಕುಗ್ಗಿಸುವ ಸಣ್ಣ ಸಾಫ್ಟ್‌ವೇರ್ ಅದು, ವರ್ಷಗಟ್ಟಲೆ ಹೆಚ್ಚು ಕಮ್ಮಿ ಒಬ್ಬರೇ ನೋಡಿಕೊಂಡು ಬಂದದ್ದು. “ಯಾಕೆ ತಡ, ಯಾಕೆ ಹೊಸದು ಬಂದಿಲ್ಲ” ಅಂತ ಯಾರ್ಯಾರೋ ಅವರ ಬೆನ್ನು ಬಿದ್ದರು. ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಅಂತ ಅವರು ಹೇಳಿಕೊಂಡಿದ್ದರು. ಸಹಾಯಕ್ಕೆ ಬಂದ ‘ಜಿಯಾ ಟಾನ್’ ಹೆಸರಿನವರು ನಂಬಿಕೆ ಗಳಿಸಿ, ಕಡೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟರು. 2024ರ ಮಾರ್ಚ್‌ನಲ್ಲಿ ಅದನ್ನು ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್. ಲಾಗಿನ್ ಆಗುವುದಕ್ಕೆ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಅನುಮಾನಪಟ್ಟು ಕೆದಕಿದರಂತೆ. ಡೆಬಿಯನ್ನಿನ ಸ್ಟೇಬಲ್, ಅಂದರೆ ನಾವೆಲ್ಲ ಬಳಸುವ ಪರೀಕ್ಷೆ ಮುಗಿದ ಆವೃತ್ತಿಗೆ, ಕಳ್ಳಬಾಗಿಲಿನ ಆ ಎಕ್ಸ್‌ಝಡ್ ಬಂದೇ ಇರಲಿಲ್ಲ, ಹಳೆಯದೇ ಇತ್ತು. ಸ್ಟೇಬಲ್ ನಿಧಾನ ಅಂತ ಗೊಣಗುವುದನ್ನು ಅವತ್ತೇ ಬಿಟ್ಟೆ.

ಈಗ ‘ಚೆಕ್-ಸಪೋರ್ಟ್-ಸ್ಟೇಟಸ್’ ಅನ್ನುವ ಕಮಾಂಡ್ ಹಾಕಿಕೊಂಡಿದ್ದೇನೆ. ಆವೃತ್ತಿಗೆ ಸಪೋರ್ಟ್ ಇದ್ದರೂ ಅದರೊಳಗಿನ ಎಲ್ಲ ಪ್ಯಾಕೇಜ್‌ಗೂ ಇರುತ್ತದೆ ಅಂತ ಇಲ್ಲ. ಯಾವುದಕ್ಕೆ ಇಲ್ಲ ಅಂತ ಇದು ಹೇಳುತ್ತದೆ. ತಿಂಗಳ ಮೊದಲನೇ ತಾರೀಖು, ಬಾಡಿಗೆ ಕೊಟ್ಟ ಮೇಲೆ ಇದನ್ನು ಓಡಿಸುವುದು. ಸೊಸೈಟಿಯವರು ಕೊಟ್ಟ ಗೋಡೆ ಕ್ಯಾಲೆಂಡರಿನ ಹಿಂದೆ ಆವೃತ್ತಿಗಳ ತಾರೀಖು ಬರೆದಿಟ್ಟಿದ್ದೇನೆ.

ಎರಡು ಮೆಷಿನ್ ಈಗ 13ರಲ್ಲಿವೆ. ಅದು ಬಂದದ್ದು 2025ರ ಆಗಸ್ಟ್ 9ಕ್ಕೆ. ಉಳಿದದ್ದು ಒಂದು ಹಳೇ ಕಾಲದ 32 ಬಿಟ್ ಪ್ರೊಸೆಸರಿನ ನೆಟ್‌ಬುಕ್, ಅಂದರೆ ಪುಟ್ಟ ಲ್ಯಾಪ್‌ಟಾಪ್, ಹಳೇ ಲೇಸರ್ ಪ್ರಿಂಟರಿಗೆ ಗಂಟು ಹಾಕಿದ್ದು. ಆ ಪ್ರಿಂಟರ್ ಕಂಪನಿಯವರು “ಆ ಮಾಡೆಲ್‌ಗೆ ಸಪೋರ್ಟ್ ಇಲ್ಲ ಮೇಡಂ, ಹೊಸದು ತಗೊಳ್ಳಿ” ಅಂತ ಒಂದೇ ಫೋನಿನಲ್ಲಿ ಮುಗಿಸಿದ್ದರು. ಡೆಬಿಯನ್ನಿನಲ್ಲಿ ಪ್ರಿಂಟಿಂಗ್ ನೋಡಿಕೊಳ್ಳುವ ಕಪ್ಸ್ ಅನ್ನುವ ಸಾಫ್ಟ್‌ವೇರ್ ಇವತ್ತಿಗೂ ಅದರಿಂದ ಪ್ರಿಂಟ್ ತೆಗೆಯುತ್ತಿದೆ. ಆದರೆ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ರೂ ಇಲ್ಲ, ಸಿಸ್ಟಮ್ಮಿನ ತಿರುಳಾದ ಕರ್ನಲ್ಲೂ ಇಲ್ಲ. ಅಷ್ಟು ಹಳೇ ಮೆಷಿನ್ನಿಗಾಗಿ ಸಂಬಳವಿಲ್ಲದೆ ಎಷ್ಟು ದಿನ ಕೂರುತ್ತಾರೆ, ಅದೂ ಸರಿಯೇ. ಬೇಜಾರಂತೂ ಆಯಿತು.

ಕರೆದರೆ ಬಂದು ರಿಪೇರಿ ಮಾಡುವವರು ಬೇಕು ಅನ್ನುವವರಿಗೆ ನಾನು ಡೆಬಿಯನ್ ಹೇಳುವುದಿಲ್ಲ. ನನ್ನ ಹಾಗೆ ಕೈಯಲ್ಲಿ ಕಾಸು ಕಡಿಮೆ, ಬೆಳಿಗ್ಗೆ ಹತ್ತು ನಿಮಿಷ ಇದೆ ಅನ್ನುವವರು ಹಾಕಿಕೊಳ್ಳಿ, ತಾರೀಖು ಮಾತ್ರ ಬರೆದಿಟ್ಟುಕೊಳ್ಳಿ. ನೆಟ್‌ಬುಕ್ ಮೊದಲು ಹೋಗುತ್ತೋ ಪ್ರಿಂಟರ್ ಮೊದಲು ಹೋಗುತ್ತೋ ನೋಡೋಣ. ಸದ್ಯಕ್ಕೆ ಅದರ ಮೇಲೆ ಒಂದು ಗೃಹಪ್ರವೇಶದ ಕರೆಯೋಲೆ ಕೂತಿದೆ, ಮುನ್ನೂರು ಕಾಪಿ, ನಾಳೆ ಹತ್ತು ಗಂಟೆಗೆ ಬರುತ್ತಾರೆ.